ಕತ್ತಿಗೆ ಕೊಟ್ಟ ಹೆಣ್ಣು

ನನ್ನ ಲಗ್ನದ ಹಂದರದಲ್ಲಿ ವರ ಇರಲಿಲ್ಲ. ಅವನು ಕೂರಬೇಕಾದ ಕಡೆ, ಕೆಂಪು ಮಖಮಲ್ಲಿನ ಗಾದಿಯ ಮೇಲೆ, ನೀರಗಟ್ಟಿ ಸಂಸ್ಥಾನದ ಕತ್ತಿಯನ್ನು ನಿಲ್ಲಿಸಿದ್ದರು. ಅದರ ಹಿಡಿಗೆ ಜರಿಯ ರುಮಾಲು ಸುತ್ತಿ ಬಾಸಿಂಗ ಕಟ್ಟಿದ್ದರು. ನಾನು ಅದಕ್ಕೆ ಮಾಲೆ ಹಾಕಿದೆ. ವರನ ಸೋದರತ್ತೆ ತಾಳಿಯನ್ನು ಕತ್ತಿಗೆ ಮುಟ್ಟಿಸಿ ನನ್ನ ಕೊರಳಿಗೆ ಕಟ್ಟಿದರು. ಬಾಜಾ ಬಜಂತ್ರಿ ಮೊಳಗಿತು, ಊರೆಲ್ಲ ಅಕ್ಕಿಕಾಳು ಹಾಕಿತು.

ವರ ಮಹೇಶಕುಮಾರ ಆ ಹೊತ್ತಿಗೆ ಜರ್ಮನಿಯ ವಾಲ್‌ಡಾರ್ಫ್‌ನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ. ಜರ್ಮನಿಯವರು ಗ್ರೀನ್ ಕಾರ್ಡ್ ಎಂದು ಕೊಟ್ಟು ಸಾಫ್ಟ್‌ವೇರಿನವರನ್ನು ಕರೆಸಿಕೊಳ್ಳುತ್ತಿದ್ದ ಕಾಲ ಅದು. ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆ. ಅವನ ತಂಡದ ಕೆಲಸ ಮುಗಿಯುವ ದಿನ ಮುಂದೆ ಹೋಗಿ, ಮಂಜೂರಾಗಿದ್ದ ರಜೆ ರದ್ದಾಗಿತ್ತು. ಮುಹೂರ್ತ ಮುಂದೂಡೋಣ ಎಂದು ನಮ್ಮ ಅಪ್ಪ ಅಳುಕುತ್ತಲೇ ಹೇಳಿದ್ದರು. ಮಹೇಶನ ತಾಯಿ ಸುಶೀಲಾಬಾಯಿ ಒಪ್ಪಲಿಲ್ಲ.

"ನಮ್ಮ ಮನೆತನದಾಗ ಅರಸರು ದಂಡಿನ್ಯಾಗ ಇದ್ರ ಕತ್ತಿ ಕಳಿಸ್ತಿದ್ರು. ಈಗ ನಮ್ಮ ಮಹೇಶಕುಮಾರ ಜರ್ಮನಿ ದಂಡಿನ್ಯಾಗ ಅದಾನ" ಅಂದರು.

ಊರಿನವರು ಅವರನ್ನು ಈಗಲೂ ರಾಣಿಸಾಹೇಬರು ಎಂದೇ ಕರೆಯುತ್ತಾರೆ. ಜಮೀನು ಗೇಣಿದಾರರಿಗೆ ಹೋಗಿತ್ತು, ಸರಕಾರದ ರಾಜಧನ ನಿಂತಿತ್ತು, ಅವರ ಅರಮನೆಯಾದ ವಾಡೆಯ ಮುಂಭಾಗ ಹೈಸ್ಕೂಲಾಗಿತ್ತು. ಉಳಿದಿದ್ದು ಹಿಂದಿನ ಚೌಕ, ಆ ಕತ್ತಿ, ಮತ್ತು ತಮ್ಮನ್ನು ತಾವು 'ನಾವು' ಎಂದುಕೊಳ್ಳುವ ರೂಢಿ. ನಮ್ಮ ಅಪ್ಪ ಶರಣಪ್ಪ ಆ ಹೈಸ್ಕೂಲಿನ ಹೆಡ್‌ಮಾಸ್ತರರು. ವಾಡೆಯಿಂದ ಹೆಣ್ಣು ನೋಡಲು ಬಂದದ್ದೇ ಅವರಿಗೆ ಜನ್ಮ ಸಾರ್ಥಕವಾದಂತಿತ್ತು. ಕತ್ತಿ ಎಂದಾಗ ಅವರು ಒಂದು ದಿನ ಊಟ ಬಿಟ್ಟರು, ಆಮೇಲೆ ಒಪ್ಪಿದರು.

ನಾನೇಕೆ ಒಪ್ಪಿದೆ ಎಂಬುದನ್ನು ಯಾರೂ ಕೇಳಲಿಲ್ಲ. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದವಳು, ಬಾಯಿಲ್ಲದವಳೇನಲ್ಲ. ಆದರೆ ನಿಶ್ಚಯವಾದ ಮೇಲೆ ಮಹೇಶ ಆಗಾಗ ಫೋನು ಮಾಡುತ್ತಿದ್ದ. ಮಾತು ಮುಗಿದ ಮೇಲೂ ಅವನು ಫೋನು ಇಡುತ್ತಿರಲಿಲ್ಲ. ಆ ಕಡೆ ಅವನ ಉಸಿರು, ದೂರದಲ್ಲಿ ಹಾದುಹೋಗುವ ಟ್ರಾಮಿನ ಸದ್ದು. ಸುಮ್ಮನಿರುವುದನ್ನು ಮುಚ್ಚಿಹಾಕಲು ಏನಾದರೂ ಮಾತಾಡುವ ಗಂಡಸರನ್ನೇ ನಾನು ಕಂಡಿದ್ದೆ. ಇವನು ಹಾಗೆ ಮಾಡಲಿಲ್ಲ. ಆ ಮೌನಕ್ಕೆ ನಾನು ಮರುಳಾದೆ. ಕತ್ತಿಯ ವಿಷಯ ಹೇಳಿದಾಗಲೂ ಅವನು ಸುಮ್ಮನಿದ್ದ. ಅದನ್ನೂ ನಾನು ಆ ಹಳೆಯ ಮೌನವೇ ಎಂದು ತಿಳಿದೆ.

ಮುಂಬೈಯಲ್ಲಿ ವೀಸಾ ಕೊಡುವವರು ಬೇರೆ ಹೇಳಿದರು. ವರನೇ ಇಲ್ಲದ ಮದುವೆ ಅವರ ಲೆಕ್ಕದಲ್ಲಿ ಮದುವೆಯಲ್ಲ. ಅವಿವಾಹಿತೆ ಎಂದು ಬರೆದು, ಮದುವೆಯಾಗಲು ಹೊರಟವಳೆಂದು ಹೋಗಬೇಕು, ಮೂರು ತಿಂಗಳೊಳಗೆ ಅಲ್ಲಿನ ಕಚೇರಿಯಲ್ಲಿ ಮದುವೆಯಾಗಬೇಕು, ಇಲ್ಲದಿದ್ದರೆ ಹಿಂತಿರುಗಬೇಕು. ಮಹೇಶ ಅದಕ್ಕೆ ಬೇಕಾದ ಕಾಗದ ಮಾಡಿಸಿದ. ತಾಯಿಗೆ ಮಾತ್ರ, ಆದ ಮದುವೆಗೆ ಅಲ್ಲೊಂದು ಸರಕಾರಿ ಮುದ್ರೆ ಬೀಳಬೇಕು ಅಷ್ಟೇ ಎಂದು ಹೇಳಿದ. ಸೊಸೆಯನ್ನು ಒಬ್ಬಳನ್ನೇ ಕಳಿಸುವ ಪದ್ಧತಿ ತಮ್ಮಲ್ಲಿಲ್ಲ ಎಂದು ರಾಣಿಸಾಹೇಬರು ತಾವೂ ಹೊರಟರು. ಲಗ್ನದ ಅಲ್ಬಮ್ಮನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ಇಟ್ಟುಕೊಂಡರು.

ಫ್ರಾಂಕ್‌ಫರ್ಟ್‌ನಲ್ಲಿ ಮೊದಲ ಸಲ ಅವನನ್ನು ಕಂಡೆ. ಫೋಟೋದಲ್ಲಿ ಇದ್ದುದಕ್ಕಿಂತ ಉದ್ದ, ಕಿವಿ ಸ್ವಲ್ಪ ಮುಂದೆ ಚಾಚಿದ್ದು. ತಾಯಿಯ ಪಾದ ಮುಟ್ಟಿ ಎದ್ದು, ನನ್ನ ಕಡೆ ತಿರುಗಿ, ಕೈ ಕೊಡಬೇಕೋ ಮುಗಿಯಬೇಕೋ ತಿಳಿಯದೆ ನನ್ನ ಕೈಯಲ್ಲಿದ್ದ ಚೀಲವನ್ನು ಕಿತ್ತುಕೊಂಡ. ಅದು ಬರಿ ಚಕ್ಕುಲಿಯ ಚೀಲ. ಆದರೆ ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಾರಿನವರೆಗೆ ನಡೆದ. ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ.

ಅವನ ಮನೆ ಹೈಡೆಲ್‌ಬರ್ಗ್‌ನಲ್ಲಿ, ನೆಕ್ಕರ್ ನದಿಗೆ ಹತ್ತಿರ. ಮಲಗುವ ಕೋಣೆಯನ್ನು ನನಗೂ ತಾಯಿಗೂ ಬಿಟ್ಟು ಅವನು ಹಾಲಿನ ಸೋಫಾದಲ್ಲಿ ಮಲಗಿದ. ಒಳ್ಳೆಯ ದಿನ ನೋಡಿ ಮುಂದಿನದು ಎಂದು ರಾಣಿಸಾಹೇಬರು ಸುಮ್ಮನಿದ್ದರು. ಹೀಗೆ, ಮದುವೆಯಾದ ಮೇಲೆ, ನನಗೊಂದು ಪ್ರೀತಿಯ ಕಾಲ ಸಿಕ್ಕಿತು. ಸಂಜೆ ಅವನು ವಾಲ್‌ಡಾರ್ಫ್‌ನಿಂದ ಕಾರಿನಲ್ಲಿ ಬರುವ ಹೊತ್ತಿಗೆ ನಾನು ಹಳೆಯ ಸೇತುವೆಯ ಮೇಲೆ ನಿಂತಿರುತ್ತಿದ್ದೆ. ಅವನು ಕಾರನ್ನು ಎಲ್ಲೋ ನಿಲ್ಲಿಸಿ ಓಡಿ ಬರುತ್ತಿದ್ದ. ಮನೆಯಲ್ಲಿ ಅವನಿಗೆ 'ನೀವು' ಅನ್ನುತ್ತಿದ್ದವಳು ಸೇತುವೆಯ ಮೇಲೆ 'ನೀ' ಅನ್ನತೊಡಗಿದೆ. ಅವನಿಗೆ ಅದು ಎಷ್ಟು ಹಿಡಿಸಿತೆಂದರೆ, ಬೇಕೆಂದೇ ಕೇಳಿಸದವನಂತೆ ಮಾಡಿ ಮತ್ತೆ ಹೇಳಿಸುತ್ತಿದ್ದ. ಜರ್ಮನ್ ಕಲಿಸಿದ. ಬೀದಿಯ ಮಧ್ಯೆ ನಿಂತು ಅಂಗಡಿಗಳ ಬೋರ್ಡು ಓದಿಸಿದ. ಚಿಕ್ಕಂದಿನಲ್ಲಿ ತಾನು ವಾಡೆಯ ಕಿಟಕಿಯಿಂದ ಹೈಸ್ಕೂಲಿನ ಪ್ರಾರ್ಥನೆಯನ್ನು ಕೇಳುತ್ತಿದ್ದೆನೆಂದೂ, ಆ ಸಾಲಿನಲ್ಲಿ ನಿಲ್ಲಲು ತನಗೆ ಅಪ್ಪಣೆ ಇರಲಿಲ್ಲವೆಂದೂ ಒಂದು ದಿನ ಹೇಳಿದ. ಆ ಸಾಲಿನಲ್ಲಿ ನಾನಿದ್ದೆ.

ರಾಣಿಸಾಹೇಬರಿಗೂ ಏನೋ ಆಗತೊಡಗಿತ್ತು. ಅವರು ಊರಿನಲ್ಲಿ ಬೀದಿಗೆ ಕಾಲಿಟ್ಟವರಲ್ಲ. ವಾಡೆಯಿಂದ ಗುಡಿಗೆ ಹೋಗಬೇಕಾದರೂ ಪರದೆ ಕಟ್ಟಿದ ಗಾಡಿ. ಹೊರಗಿನವರ ಎದುರು ಊಟ ಮಾಡಿದವರಲ್ಲ. ಇಲ್ಲಿ ಮೊದಲ ವಾರ ಟ್ರಾಮಿನಲ್ಲಿ ಅವರು ಹತ್ತಿದಾಗ ಯಾರೂ ಎದ್ದು ನಿಲ್ಲಲಿಲ್ಲ. ಅವರು ಸುತ್ತ ಒಮ್ಮೆ ನೋಡಿ, ಕಂಬ ಹಿಡಿದು, ಸೆರಗು ಬಿಗಿ ಮಾಡಿಕೊಂಡು ನಿಂತರು. ಇಳಿಯುವಾಗ ಅವರ ಕಣ್ಣು ಹೊಳೆಯುತ್ತಿತ್ತು. ನಾಳೆ ಮತ್ತೆ ಹೋಗೋಣ ಅಂದರು.

ಗುಡ್ಡದ ಮೇಲಿನ ಕೋಟೆಯರಮನೆಯನ್ನು ತೋರಿಸಲು ಕರೆದುಕೊಂಡು ಹೋದೆವು. ಅರ್ಧ ಬಿದ್ದ ಗೋಡೆ, ಛಾವಣಿಯಿಲ್ಲದ ಮಹಲು, ಅದನ್ನು ನೋಡಲು ಜನರ ಸಾಲು. ಅವರು ಬಹಳ ಹೊತ್ತು ಪರೀಕ್ಷೆ ಮಾಡಿ, "ನಮ್ಮ ವಾಡೆದ ಮಾಳಿಗಿನೂ ಬಿದ್ದದ. ಇವರು ಟಿಕೀಟ ಹಚ್ಯಾರ, ನಾವು ನಾಚಿಕೊಂಡು ಕುಂತೀವಿ" ಅಂದರು. ಆಮೇಲೆ ಕಟ್ಟೆಯ ಮೇಲೆ ಕೂತು, ನದಿಯ ಕಡೆ ಕಾಲು ಇಳಿಬಿಟ್ಟು, ಸಾವಿರ ಜನರ ಎದುರು ಐಸ್‌ಕ್ರೀಮ್ ತಿಂದರು. ಕರಗಿ ಮೊಣಕೈವರೆಗೆ ಇಳಿದರೂ ಬಿಡಲಿಲ್ಲ. ಮಹೇಶ ಬೆರಗಾಗಿ ನೋಡುತ್ತಿದ್ದ. ಅವನ ತಾಯಿ ಹೀಗೆ ಜನರೆದುರು ತಿನ್ನುವುದನ್ನು ಅವನು ಎಂದೂ ನೋಡಿರಲಿಲ್ಲವಂತೆ.

ಅಷ್ಟು ಚೆನ್ನಾಗಿದ್ದ ದಿನಗಳು. ದಸರೆಯ ನಂತರದ ಭಾನುವಾರ ಸಿಂಡೆಲ್‌ಫಿಂಗೆನ್‌ಗೆ ಊಟಕ್ಕೆ ಹೋದೆವು. ಅಲ್ಲಿ ಕಾರು ತಯಾರಿಸುವ ಕಾರ್ಖಾನೆಯಲ್ಲಿ ನಮ್ಮ ಕಡೆಯ ಇಂಜಿನಿಯರುಗಳು ಹಲವರಿದ್ದರು. ಕರೆದವರು ದುಂಡಪ್ಪ ಮತ್ತು ಅವರ ಹೆಂಡತಿ ಕಾಂತಮ್ಮ, ಬಾಗಲಕೋಟೆಯವರು. ನೀರಗಟ್ಟಿಯ ರಾಣಿಸಾಹೇಬರು ಬರುತ್ತಾರೆಂದು ಕುರ್ಚಿಗೆ ರೇಷ್ಮೆ ಹೊದಿಸಿದ್ದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹೋಳಿಗೆ. ಮಕ್ಕಳು ಮಾತ್ರ ಜರ್ಮನ್‌ನಲ್ಲಿ ಹಲೋ ಹೇಳಿ ಒಳಗೆ ಓಡಿದವು.

ಊಟದ ಮೇಲೆ ಅಲ್ಬಮ್ಮು ಹೊರಬಂತು. ರಾಣಿಸಾಹೇಬರು ಕತ್ತಿ ಲಗ್ನದ ಕತೆಯನ್ನು ಹೇಳಿದರು, ಹೇಳುತ್ತ ಹೇಳುತ್ತ ಧ್ವನಿ ಏರಿತು. ಅವರ ಮಾತಿನಲ್ಲಿ ಹೆಮ್ಮೆಯಿತ್ತೇ ಹೊರತು ಕೇಡಿರಲಿಲ್ಲ. ಕಾಂತಮ್ಮ ಫೋಟೋವನ್ನು ಹತ್ತಿರ ಹಿಡಿದು ನೋಡಿದರು.

"ಅಲ್ಲವಾ ಕೀರ್ತಿ, ಕತ್ತಿ ಜೋಡಿ ಸಂಸಾರ ಹೆಂಗ ನಡದದ? ರಾತ್ರಿ ಗೊರಕಿ ಹೊಡಿತದೇನು?"

"ಗೊರಕಿ ಇಲ್ಲ, ಬರೇ ಕೊರಿತದ" ಎಂದರು ದುಂಡಪ್ಪ.

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಮಹೇಶನ ಕಡೆ ನೋಡಿದೆ. ಏನಾದರೂ ಅನ್ನುತ್ತಾನೆ, ಒಂದು ಚಿಕ್ಕ ತಮಾಷೆಯನ್ನಾದರೂ, ಎಂದುಕೊಂಡೆ. ಅವನು ಹೋಳಿಗೆಯ ತಟ್ಟೆಯನ್ನು ನೋಡುತ್ತ ಕೂತಿದ್ದ.

ಆಗ ನನಗೆ ತಿಳಿಯಿತು. ನಾನು ಫೋನಿನಲ್ಲಿ ಮರುಳಾದ ಮೌನ, ಮತ್ತು ನನ್ನನ್ನು ಕತ್ತಿಗೆ ಕೊಟ್ಟ ಮೌನ, ಎರಡೂ ಒಬ್ಬನದೇ. ಬೇಡ ಎಂದು ಅವನು ಆವತ್ತು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳದೆ ಉಳಿದದ್ದನ್ನು ನಾನು ಆಳ ಎಂದು ತಿಳಿದಿದ್ದೆ.

ಮರುದಿನ ನದಿಯ ದಂಡೆಯಲ್ಲಿ ಅವನಿಗೆ ಹೇಳಿದೆ. ಇನ್ನೆರಡು ದಿನಕ್ಕೆ ಸ್ಟಾಂಡೆಸಾಮ್ಟ್‌ನಲ್ಲಿ, ಅಂದರೆ ಮದುವೆ ಮಾಡಿಸುವ ಕಚೇರಿಯಲ್ಲಿ, ಕಾಗದ ತೋರಿಸಿ ಮದುವೆಗೆ ದಿನ ಗೊತ್ತುಮಾಡಿಕೊಳ್ಳಲು ನಮಗೆ ಟೆರ್ಮಿನ್, ಅವರು ಕೊಟ್ಟ ಹೊತ್ತು, ಇತ್ತು. ಅವನು ಕಚೇರಿಗೆ ಒಂದು ಮಾತು ಹೇಳಿದ್ದಾನೆ, ತಾಯಿಗೆ ಇನ್ನೊಂದು. ಆ ಎರಡರ ನಡುವೆ ನಾನು ಅವಿವಾಹಿತೆಯೂ ಹೌದು, ಸೊಸೆಯೂ ಹೌದು. ಯಾವುದು ನಿಜ ಎಂದು ಅವನು ತಾಯಿಯ ಎದುರಿಗೆ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ನಾನು ಊರಿಗೆ ಹೋಗುತ್ತೇನೆ.

"ನಿನ್ನ ಬದಲಿ ನಾ ಹೇಳಂಗಿಲ್ಲ, ಮಹೇಶ" ಅಂದೆ. "ಒಮ್ಮೆ ನಿನ್ನ ಬದಲಿ ಕತ್ತಿ ನಿಂತದ. ಸಾಕದು."

"ಅವ್ವಾಸಾಹೇಬ್ರಿಗೆ ಭಾಳ ಹರ್ಟ್ ಆಗ್ತದ ಕೀರ್ತಿ" ಅಂದ.

"ನನಗ?"

ಹಂಸಗಳು ದಡಕ್ಕೆ ಬಂದು ನಮ್ಮನ್ನು ನೋಡಿ ಹೋದವು.

ಟೆರ್ಮಿನ್ ದಿನ ಬೆಳಿಗ್ಗೆ ನಾನು ಹೊಸ ಸೀರೆ ಉಟ್ಟೆ. ಊರಿಗೆ ಹೋಗಬೇಕಾದೀತು ಎಂಬ ಭಯ ಒಂದು ಕಡೆ, ಆದರೂ ಮೈಯೆಲ್ಲ ಝುಮ್ಮೆನ್ನುತ್ತಿತ್ತು. ಇವತ್ತು ಏನಾದರೂ ಆಗಿಯೇ ತೀರುತ್ತದೆ ಎಂಬ ಹುರುಪು. ಹಂದರದಲ್ಲಿ ನಿಂತಾಗ ನನಗೆ ಇದರಲ್ಲಿ ಕಾಲುಪಾಲೂ ಆಗಿರಲಿಲ್ಲ. ಬಾಗಿಲಲ್ಲಿ ಯತಿರಾಜ್ ಕಾಯುತ್ತಿದ್ದ. ಅವನು ಮೈಸೂರಿನವನು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ. ನನಗೂ ರಾಣಿಸಾಹೇಬರಿಗೂ ಜರ್ಮನ್ ಸಾಲದೆಂದು ದುಭಾಷಿಯಾಗಿ ಬಂದಿದ್ದ. ಟೈ ಕಟ್ಟಿಕೊಂಡಿದ್ದ.

"ಮಗಾ, ನಿನಗಿಂತ ನಂಗೇ ಜಾಸ್ತಿ ಟೆನ್ಶನ್" ಎಂದು ಮಹೇಶನ ಬೆನ್ನಿಗೆ ಗುದ್ದಿದ.

ಅಧಿಕಾರಿ ಫ್ರಾವ್ ಹೆಲ್ಡ್‌ಮನ್, ಬೆಳ್ಳಿಕೂದಲಿನ, ಗಟ್ಟಿ ನಗುವಿನ ಹೆಂಗಸು. ಕಾಗದಗಳನ್ನು ಒಂದೊಂದಾಗಿ ನೋಡಿ ಎಲ್ಲ ಸರಿಯಾಗಿದೆ ಅಂದರು. ಇಬ್ಬರಿಗೂ ಇದು ಮೊದಲನೆಯ ಮದುವೆಯೇ ಎಂದು, ಕೇಳಲೇಬೇಕಾದ್ದರಿಂದ ಕೇಳಿದರು. ಯತಿರಾಜ್ ಅದನ್ನು ಕನ್ನಡದಲ್ಲಿ ಹೇಳಿದ.

ಮಹೇಶ ಬಾಯಿ ತೆರೆಯುವುದರೊಳಗೆ ರಾಣಿಸಾಹೇಬರು ಪಕ್ಕದ ಕುರ್ಚಿಯಿಂದ ಮಾತಾಡಿದರು. ಈ ಮದುವೆ ಬೇಸಿಗೆಯಲ್ಲೇ ಆಗಿದೆ, ಊರ ಮುಂದೆ, ಸ್ವಾಮಿಗಳ ಮುಂದೆ ಆಗಿದೆ, ಇದನ್ನು ಆ ಬಾಯಿಗೆ ತಿಳಿಸಪ್ಪಾ ಅಂದರು. ರೇಷ್ಮೆ ಬಟ್ಟೆ ಬಿಚ್ಚಿ ಅಲ್ಬಮ್ಮನ್ನು ಮೇಜಿನ ಮೇಲೆ, ಕಾಗದಗಳ ಮೇಲೆಯೇ, ಇಟ್ಟರು.

ಫ್ರಾವ್ ಹೆಲ್ಡ್‌ಮನ್ ಪುಟ ತಿರುವಿದರು. ಹಂದರ, ಜನ, ನಾನು, ಕತ್ತಿ. ಅಕ್ಕಿಕಾಳು, ನಾನು, ಕತ್ತಿ. ಇದೇನು ಎಂದು ಕೇಳಿದರು. ಯತಿರಾಜ್ ಮಹೇಶನ ಕಿವಿಗೆ ಬಾಗಿದ.

"ಗುರು, ಇದನ್ನ ಏನಂತ ಹೇಳ್ಲಿ ಈಗ? ನೀನೇ ಹೇಳ್ಬಿಡು."

ಮಹೇಶ ಕತ್ತಿಯ ಫೋಟೋವನ್ನೇ ನೋಡುತ್ತಿದ್ದ. ಕೊನೆಗೆ ಯತಿರಾಜನೇ ಬೆವರುತ್ತ ಪದ್ಧತಿಯನ್ನು ವಿವರಿಸಿದ. ಫ್ರಾವ್ ಹೆಲ್ಡ್‌ಮನ್ ಪೆನ್ನು ಕೆಳಗಿಟ್ಟರು. ಅವರ ನಗು ಹೋಗಿತ್ತು. ಆಗಲೇ ಮದುವೆಯಾದವರನ್ನು ಅವರು ಮತ್ತೆ ಮದುವೆ ಮಾಡಿಸುವಂತಿಲ್ಲ, ಹಾಗಾದರೆ ಅವಿವಾಹಿತರು ಎಂದು ತಂದ ಕಾಗದಗಳು ಸುಳ್ಳಾಗುತ್ತವೆ. ಮದುವೆಯಾಗಿಲ್ಲ ಎಂದಾದರೆ ಹಾಗೆಂದು ಹೇಳಬೇಕು. ಫೋಟೋದ ಮೇಲೆ ಬೆರಳಿಟ್ಟು, ಈ ದಿನ ನೀವು ಎಲ್ಲಿದ್ದಿರಿ ಎಂದು ಮಹೇಶನನ್ನೇ ಕೇಳಿದರು.

ವಾಲ್‌ಡಾರ್ಫ್‌ನಲ್ಲಿ, ಆಫೀಸಿನಲ್ಲಿ, ಎಂದ.

ಹಾಗಾದರೆ ನೀವು ಇವರನ್ನು ಮದುವೆಯಾಗಿದ್ದೀರಾ?

ಹೊರಗೆ ಕಾರಿಡಾರಿನಲ್ಲಿ ಯಾರೋ ಷಾಂಪೇನ್ ಬಾಟಲಿ ತೆಗೆದ ಸದ್ದು, ಯಾವುದೋ ಜೋಡಿಯ ನಗು. ಇಲ್ಲ ಎನ್ನುವ ಒಂದೇ ಪದ, 'ನೈನ್', ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನು ಹೇಳಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಕಾಗದ ಉಳಿಯುತ್ತಿತ್ತು, ನಾನು ಉಳಿಯುತ್ತಿದ್ದೆ, ಸಂಜೆ ಸೇತುವೆಯ ಮೇಲೆ ಅವನು ಓಡಿ ಬರುತ್ತಿದ್ದ. ಹಲ್ಲು ಕಚ್ಚಿ ಹಿಡಿದೆ. ಅವನ ಕಿವಿ ಕೆಂಪಾಗುವುದನ್ನು ನೋಡಿದೆ. ಹೇಳು, ಹೇಳು ಎಂದು ಮನಸ್ಸು ಓಡುವ ಕುದುರೆಯನ್ನು ಹುರಿದುಂಬಿಸಿದಂತೆ ಕೂಗುತ್ತಿತ್ತು.

ಅವನು ಕುರ್ಚಿಯನ್ನು ಸರಿಸಿ ತಾಯಿಯ ಕಡೆಗೆ ತಿರುಗಿದ.

"ಅವ್ವಾ, ನಾ ಅಲ್ಲಿ ಇದ್ದಿಲ್ಲ" ಅಂದ. "ಕೀರ್ತಿ ಜೋಡಿ ನಂದು ಇನ್ನೂ ಲಗ್ನ ಆಗಿಲ್ಲ. ಮುದ್ರಿ ಹಾಕಸೂದು ಅಂತ ನಿಮಗ ಸುಳ್ಳು ಹೇಳೀನಿ. ಫೋನಿನ್ಯಾಗ ಅವತ್ತ ಬ್ಯಾಡ ಅನ್ನಬೇಕಾಗಿತ್ತು, ಧೈರ್ಯ ಆಗಲಿಲ್ಲ."

ಯತಿರಾಜ್ ಆವೇಶ ಬಂದವನಂತೆ ಅಷ್ಟನ್ನೂ ಜರ್ಮನ್‌ಗೆ ತಿರುಗಿಸಿಬಿಟ್ಟ. ಫ್ರಾವ್ ಹೆಲ್ಡ್‌ಮನ್ ಪೆನ್ನು ಎತ್ತಿಕೊಳ್ಳಲಿಲ್ಲ. ಅವರೂ ರಾಣಿಸಾಹೇಬರನ್ನೇ ನೋಡುತ್ತಿದ್ದರು.

ರಾಣಿಸಾಹೇಬರ ಮುಖದಲ್ಲಿ ಏನೂ ಕಾಣಲಿಲ್ಲ. ಅಲ್ಬಮ್ಮನ್ನು ತಮ್ಮ ಕಡೆ ಎಳೆದುಕೊಂಡು ಮುಚ್ಚಿದರು.

"ಹಂಗಾದ್ರ ಈ ಹುಡಿಗಿ ಇಷ್ಟು ದಿನ ನಮ್ಮ ಮನ್ಯಾಗ ಯಾರಾಗಿ ಇದ್ಲು?"

ಮಹೇಶನಿಗೆ ಕೇಳಿದ ಪ್ರಶ್ನೆ ಅದು. ಆದರೆ ಉತ್ತರ ನನ್ನದು.

"ಶರಣಪ್ಪ ಮಾಸ್ತರ ಮಗಳಾಗಿ ಇದ್ದೆರಿ" ಅಂದೆ.

ಅವರು ನನ್ನನ್ನು ಹೊಸದಾಗಿ ನೋಡುವಂತೆ ನೋಡಿದರು. ಹೈಸ್ಕೂಲಿನ ಹುಡುಗಿಯರನ್ನು ಪರದೆಯ ಹಿಂದಿನಿಂದ ನೋಡುತ್ತಿದ್ದ ಕಣ್ಣು ಅದು. ಆಮೇಲೆ ಅವರು ಎದ್ದು ನಿಂತರು. ಹಿರಿಯರಿಗೆ, ಸ್ವಾಮಿಗಳಿಗೆ ಬಿಟ್ಟು ಇನ್ನಾರಿಗೂ ಅವರು ಎದ್ದು ನಿಂತದ್ದನ್ನು ನಾನು ಕಂಡಿರಲಿಲ್ಲ. ವಾಡೆಯವರು ಹೆಣ್ಣು ನೋಡುತ್ತಾರೆ, ಆರಿಸುತ್ತಾರೆ, ತಿಳಿಸುತ್ತಾರೆ. ಕೇಳುವುದಿಲ್ಲ.

"ಹಂಗಾದ್ರ ಕೇಳಬೇಕಾತು" ಎಂದರು. "ನಮ್ಮ ಹುಡುಗನ್ನ ಮಾಡ್ಕೋತೀಯೇನವಾ?"

ನನ್ನ ಕಣ್ಣು ತುಂಬಿ ಬಂತು. ಅವರ ಕೈ ಹಿಡಿದು ಹೂಂ ಅಂದುಬಿಡಬೇಕು ಅನ್ನಿಸಿತು. ಮಹೇಶನ ಮುಖದಲ್ಲಿ ನಿರಾಳ ಆಗಲೇ ಮೂಡುತ್ತಿತ್ತು, ತಾಯಿ ಕೇಳಿಯಾಯಿತು, ಇನ್ನು ತನಗೇನು ಕೆಲಸ ಎನ್ನುವ ಹಾಗೆ. ಅದನ್ನು ನೋಡಿದ್ದೇ ನಾನು ತಡೆದುಕೊಂಡೆ.

"ನೀವು ಕೇಳಿದ್ದು ನಂಗ ದೊಡ್ಡದುರಿ" ಅಂದೆ. "ಆದ್ರ ಅವರ ಬದಲಿ ನೀವು ಕೇಳಿದ್ರ ಹೆಂಗರಿ?" ಅವನ ಕಡೆ ತಿರುಗಿದೆ. "ಮಹೇಶ, ನೀ ಕೇಳು."

ರಾಣಿಸಾಹೇಬರ ಹುಬ್ಬು ಮೇಲೇರಿತು. ಅವರ ಮಗನನ್ನು ಅವರೆದುರಿಗೆ 'ನೀ' ಎಂದವರು ಯಾರೂ ಇರಲಿಲ್ಲ. ಏನೋ ಅನ್ನಲು ಹೊರಟವರು ಅನ್ನದೆ, ಮಗನ ಕಡೆ ನೋಡಿ, ಕೇಳು ಎನ್ನುವಂತೆ ಗದ್ದ ಆಡಿಸಿದರು.

ಈ ಸಲ ಅವನು ತಡಮಾಡಲಿಲ್ಲ. ಎದ್ದು ನಿಲ್ಲಲು ಹೋಗಿ ಮೇಜಿಗೆ ಮೊಣಕಾಲು ಬಡಿದು, ಕಾಗದಗಳು ನೆಲಕ್ಕೆ ಹಾರಿದವು. ಅವನ್ನು ಎತ್ತಿಕೊಳ್ಳಲೂ ಇಲ್ಲ. ಎಷ್ಟು ಗಟ್ಟಿಯಾಗಿ ಕೇಳಿದನೆಂದರೆ ಕಾರಿಡಾರಿನ ನಗು ನಿಂತಿತು.

"ಕೀರ್ತಿ, ನನ್ನ ಲಗ್ನ ಆಗ್ತೀಯಾ?"

ಹೇಳುವುದೇನೆಂದು ಗೊತ್ತಿತ್ತು. ಸುಮ್ಮನೆ, ಆ ಕೋಣೆಯಲ್ಲಿ ನಾಲ್ಕು ಜನ ನನ್ನ ಬಾಯಿಯನ್ನೇ ನೋಡುತ್ತಿರುವ ಆ ಗಳಿಗೆಯನ್ನು ಬೇಗ ಮುಗಿಸಲು ಮನಸ್ಸು ಬರಲಿಲ್ಲ. ಯತಿರಾಜ್ ಟೈ ಸಡಿಲ ಮಾಡಿಕೊಂಡ.

ಹೂಂ ಅಂದೆ.

ಅದನ್ನು ಅನುವಾದ ಮಾಡಲು ಯತಿರಾಜ್ ಬಾಯಿ ತೆರೆಯುವಷ್ಟರಲ್ಲಿ ಫ್ರಾವ್ ಹೆಲ್ಡ್‌ಮನ್ ಕ್ಯಾಲೆಂಡರನ್ನು ಎಳೆದುಕೊಂಡಿದ್ದರು. ಶುಕ್ರವಾರ ಹತ್ತೂವರೆ ಖಾಲಿ ಇದೆ ಅಂದರು. ಅದು ರಾಹುಕಾಲ, ನಡೆಯುವುದಿಲ್ಲ, ಒಂಬತ್ತಕ್ಕೆ ಆಗುತ್ತದೋ ಕೇಳಪ್ಪಾ ಎಂದು ರಾಣಿಸಾಹೇಬರು ಮೇಜಿನ ಮೇಲೆ ಬಾಗಿ, ಆ ಕ್ಯಾಲೆಂಡರನ್ನು ತಾವೇ ತಮ್ಮ ಕಡೆ ತಿರುಗಿಸಿಕೊಂಡರು.